ಭಾವ ಕೊಟ್ಟ ಕತ್ತರಿ

ಅಂಗಡಿಯಿಂದ, ಬುಧವಾರ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ನೀನು ಆ ಊರಲ್ಲಿ ಸಂಬಳಕ್ಕೆ ನೋಡ್ಕೊಳ್ಳೋ ಆ ಮುದುಕಿ ಇನ್ನೂ ನಿನ್ನನ್ನ ಕಳ್ಳಿ ಅಂತಾನೇ ಕರೀತಾಳಾ? ನಾನು ಗುಂಡುಕಲ್ಲು. ತಲೆ ಮಾತ್ರ ಬೋಳಾಗ್ತಿದೆ. ಕ್ಷೌರದವನ ತಲೇನೇ ಹೀಗಾದ್ರೆ ಯಾರು ನಂಬ್ತಾರೆ ಅಂತ ಟೋಪಿ ಹಾಕ್ತಿದೀನಿ. ಫೋನಲ್ಲಿ ನನ್ನ ಬಾಯಿ ತಮಾಷೆ ಕಡೆಗೇ ಓಡುತ್ತೆ, ಅದಕ್ಕೇ ಕಾಗದ. ತಪ್ಪಿದ್ರೆ ಬೈಕೋ. ಕೂತ್ಕೊಂಡು ಓದು.

ವಿಷಯ ಭಾವಂದು. ಹೋದ ವಾರ ಅಂಗಡಿಗೆ ಬಂದ, ಬಟ್ಟೆ ಕತ್ತರಿಸೋ ತನ್ನ ದೊಡ್ಡ ಕತ್ತರಿ ನನ್ನ ಮೇಜಿನ ಮೇಲಿಟ್ಟು "ನೀನೇ ಇಟ್ಕೋ, ನನಗಿನ್ಯಾಕೆ" ಅಂದ. ಅದರಲ್ಲಿ ನೀನೊಮ್ಮೆ ಕಾಗದ ಕತ್ತರಿಸಿದ್ದಕ್ಕೆ ಮಾತು ಬಿಟ್ಟಿದ್ದ ಟೈಲರ್ ಅವನು! ನಾನು ಕೈ ಚಾಚಿದ್ರೆ "ಕೂದಲು ಮುಟ್ಟಿದ ಕೈ, ದೂರ ದೂರ" ಅಂತಿದ್ದ. ಕುರ್ಚಿಲಿ ಕೂರಿಸಿ ಕುತ್ತಿಗೆಗೆ ಬಟ್ಟೆ ಕಟ್ಟಿದೆ. ಮುಖಕ್ಕೆ ಮುಖ ಕೊಟ್ಟು ಆಡಕ್ಕಾಗದ ಮಾತನ್ನ ಗಂಡಸರು ಕನ್ನಡಿ ನೋಡ್ಕೊಂಡು ಆಡ್ತಾರೆ, ಈ ಕಸುಬಲ್ಲಿ ಕಂಡಿದೀನಿ. ಕನ್ನಡೀಲೇ ಕೇಳಿದೆ, "ಭಾವ, ಸಾಯೋ ಯೋಚನೆ ಮಾಡ್ತಿದೀಯಾ?" ಉಗೀತಾನೆ ಅನ್ಕೊಂಡಿದ್ದೆ. "ಹೂಂ" ಅಂದ. ಆಮೇಲೆ ಮಗು ಥರ ಅತ್ತ. ಕಾಯ್ತಿದ್ದ ಗಿರಾಕೀನ ಕಳಿಸಿ, ಬಾಗಿಲು ಎಳೆದು ಪಕ್ಕದಲ್ಲಿ ಕೂತೆ. ತಮಾಷೆ ಒಂದೂ ಬಾಯಿಗೆ ಬರಲಿಲ್ಲ ಕಣಕ್ಕಾ, ಸುಮ್ಮನೆ ಕೇಳಿಸ್ಕೊಂಡೆ. ನಿದ್ದೆ ಹತ್ತಲ್ವಂತೆ, ಹೊಲಿಗೆಗೆ ಕೈ ಹೋಗಲ್ವಂತೆ, ತಾನಿಲ್ದಿದ್ರೆ ನಿಮಗೆಲ್ಲ ಹಗುರ ಅಂತ ಅವನ ಲೆಕ್ಕ. ಲೆಕ್ಕದಲ್ಲಿ ಯಾವತ್ತೂ ಪಾಸಾಗದ ನಾನೇ ಹೇಳ್ತೀನಿ, ಆ ಲೆಕ್ಕ ತಪ್ಪು.

ಅವತ್ತು ಸಂಜೇನೇ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋದೆ. ಮಾತ್ರೆ ಕೊಟ್ಟು, ವಾರವಾರ ಬನ್ನಿ ಅಂದಿದಾರೆ. ಮಾತ್ರೆ ಡಬ್ಬ ನನ್ನ ಹತ್ರ ಇರುತ್ತೆ. ಕತ್ತರೀನೂ ಸದ್ಯಕ್ಕೆ ನನ್ನ ಬೀರುವಲ್ಲಿದೆ, ಆದ್ರೆ ನನ್ನದಲ್ಲ ಅಂತ ಅವನಿಗೆ ಹೇಳಿದೀನಿ. ವಿಷಯ ಕಿವಿಗೆ ಬಿದ್ದು ದೊಡ್ಡಪ್ಪ ಓಡಿ ಬಂದು "ಅಂಥದ್ದನ್ನ ಕೇಳಿ ಅವನ ತಲೇಲಿ ತುಂಬಿದ್ದೇ ನೀನು. ಜ್ವರ ಅಂತ ಹೇಳು, ಮರ್ಯಾದೆ ಪ್ರಶ್ನೆ" ಅಂದ್ರು. ಮರ್ಯಾದೇನ ನೀವೇ ಇಟ್ಕೊಳ್ಳಿ, ನಮಗೆ ಭಾವ ಸಾಕು ಅಂದೆ. ಕೇಳಿದ್ರೆ ತುಂಬಲ್ಲ, ತುಂಬಿದ್ದು ಇಳಿಯುತ್ತೆ ಅಂತ ಡಾಕ್ಟರಮ್ಮನೂ ಹೇಳಿದಾರೆ. ಇನ್ಮೇಲೆ ದೊಡ್ಡಪ್ಪ ನನ್ನ ಹತ್ರ ಕ್ಷೌರ ಮಾಡಿಸ್ಕೊಳ್ಳಲ್ವಂತೆ. ಇರೋದು ನಾಲ್ಕು ಕೂದಲು, ಅಂಗಡಿ ಮುಳುಗಲ್ಲ ಬಿಡು.

ಈಗ ನಿಮ್ಮ ಹಜಾರದಲ್ಲೇ ಮಲಗ್ತೀನಿ. "ನಿನ್ನ ಗೊರಕೆಗೆ ಸತ್ತೋರೂ ಎದ್ದು ಕೂರ್ತಾರೆ" ಅಂದ ಭಾವ ನಿನ್ನೆ. "ಮತ್ತೆ ನೀನು ಹೋಗಿ ಏನು ಲಾಭ, ಅಲ್ಲೂ ನಿದ್ದೆ ಇಲ್ಲ" ಅಂದೆ. ನಕ್ಕ ಅಕ್ಕಾ! ಅರ್ಧ ನಗು. ವಾಸಿಯಾಯ್ತು ಅಂತ ಹೇಳ್ತಿಲ್ಲ. ಇವತ್ತು ಬೆಳಗ್ಗೆ ಮತ್ತೆ ಗೋಡೆ ಕಡೆ ತಿರುಗಿ ಮಲಗಿದ್ದ. ತಿರುಗ್ಲಿ. ನಾನೂ ಚಾಪೆ ಎಳ್ಕೊಂಡು ಗೋಡೆ ಕಡೆಗೇ ಹೋಗಿ ಕೂತೆ. ಈಗ ಇಲ್ಲೇ ಅಂಗಡೀಲಿ, ನನ್ನ ಕಣ್ಣೆದುರಿಗೇ ಪೇಪರ್ ತಿರುವ್ತಿದಾನೆ.

ನಿನಗೆ ಹೇಳಲ್ಲ ಅಂತ ಆಣೆ ಇಡು ಅಂದ. ಇಡಲ್ಲ ಅಂದೆ. ಯಾರಿಗೆ ಬರೀತಿದೀನಿ ಅಂತ ಅವನಿಗೂ ಗೊತ್ತು. ತಡೀಲಿಲ್ಲ.

ಕಾಲಿಗೆ ಎಣ್ಣೆ ಹಚ್ಕೋ. ಆ ಮುದುಕಿಗೆ ನನ್ನ ನಮಸ್ಕಾರ.

ನಿನ್ನ ತರಲೆ ತಮ್ಮ

ಇದೊಂದು ಬಿಟ್ಟುಹೋಯ್ತು: ಭಾನುವಾರ ನೀನು ಫೋನ್ ಮಾಡಿದಾಗ ಅವನು "ಚೆನ್ನಾಗಿದೀನಿ" ಅಂತಾನೆ. ಅಲ್ಲಿಗೇ ಬಿಡಬೇಡ. ಊಟ ಆಯ್ತಾ ಅಂತ ಜಾರ್ಕೊಳ್ಳಬೇಡ. ನಾನು ಕೇಳಿದ್ದನ್ನೇ ನೀನೂ ಬಾಯಿಬಿಟ್ಟು ಕೇಳು. ಅವನು ಹೂಂ ಅಂದು ನಿನಗೆ ಅಳು ಬಂದ್ರೆ ಅಳು. ಫೋನ್ ಮಾತ್ರ ಇಡಬೇಡ.