ಖಾಲಿ ಕಟಕಟೆ

ಹಳೆಯ ನ್ಯಾಯಾಲಯದ ಮೆಟ್ಟಿಲ ಮೇಲಿಂದ,
೧೨ ಮಾರ್ಚ್ ೨೦೦೬, ಭಾನುವಾರ

ಸ್ವೀಡನ್ನಿನ ವೆಸ್ಟೆರಾಸ್ ಪಟ್ಟಣದಲ್ಲಿ ವಿರಾಜಮಾನರಾಗಿರುವ ಗಂಗಾಧರ ರಾಯರಿಗೆ, ಇನ್ನೂ ನಿಮ್ಮ ಹೆಂಡತಿಯೇ ಆಗಿರುವ ನೀರಜಾ ಮಾಡುವ ನಮಸ್ಕಾರ.

ಕೇಳಿರಿ! "ಆ ಕಾಡಿಗೆ ನಾಟಕ ನೋಡೋಕೆ ಯಾರೂ ಬರಲ್ಲ ಕಣೇ. ಕಟ್ಟಡಕ್ಕೆ ಬೀಗ ಬಿದ್ಮೇಲೆ ಸುಮ್ನೆ ಮನೆಗೆ ಬಾ" ಎಂದು ಫೋನಿನಲ್ಲಿ ಪಂಥ ಕಟ್ಟಿದಿರಿ. ನಾನೂ ಆಗಲಿ ಎಂದೆ. ನಿನ್ನೆ ಅದರ ಇತ್ಯರ್ಥವಾಯಿತು.

ಈ ಸೀಮೆಯಲ್ಲಿ ಮನುಷ್ಯರಿಗಿಂತ ಕಡವೆಗಳೇ ಹೆಚ್ಚು, ನಿಜ. ನಮ್ಮ ಶಿಶುವಿಹಾರದಲ್ಲಿ, ಈ ದಾಗಿಸ್‌ನಲ್ಲಿ ನಾನು ನೋಡಿಕೊಳ್ಳುವ ಮಕ್ಕಳೆಲ್ಲ ಒಂದೇ ಬೆಂಚಿನಲ್ಲಿ ಹಿಡಿಸುತ್ತಾರೆ. ಆದರೆ ಇನ್ನೂರು ವರ್ಷದ ಈ ಹಳದಿ ಮರದ ನ್ಯಾಯಾಲಯ! ಕೋರ್ಟು ಪಟ್ಟಣಕ್ಕೆ ಹೋಗಿ ಎಷ್ಟೋ ಕಾಲವಾಯಿತು. ನ್ಯಾಯಪೀಠ, ಕಟಕಟೆ, ಬೆಂಚುಗಳು ಹಾಗೇ ಇವೆ. ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಮುಟ್ಟುತ್ತದೆ. ಅಪ್ಪನ ನಾಟಕ ಕಂಪನಿಗೂ ಇಂಥ ರಂಗಮಂದಿರ ಸಿಕ್ಕಿರಲಿಲ್ಲ. ಇಲ್ಲಿನ ಪುರಸಭೆಯವರು, ಅದೇ ಕೊಮ್ಯೂನ್‌ನವರು ಇದನ್ನು ಮಾರಲು ಹೊರಟಿದ್ದರು. ಅಲ್ಲಿನ ಅಧಿಕಾರಿ ಬಿರ್ಗಿಟ್ಟಾ ಕಾಫಿ ಕುಡಿಯುತ್ತಾ ಹೇಳಿದ್ದು ಇಷ್ಟೇ: ಶನಿವಾರ ಬೆಂಚು ತುಂಬಿಸು, ಬೀಗದ ಕೈ ನಿನ್ನದು.

ನಾನೇ ಒಂದು ನಾಟಕ ಬರೆದೆ. ತನ್ನ ದನಿಯನ್ನು ಕದ್ದ ಗಂಡನ ಮೇಲೆ ಹೆಂಡತಿ ಹೂಡುವ ಮೊಕದ್ದಮೆ. ಯಾರ ಕಥೆ ಎಂದು ಕೇಳಬೇಡಿ! ಪಕ್ಕದ ಮನೆಯವರು ಗೋಡೆ ತಟ್ಟಿದಾಗಲೆಲ್ಲ "ಮೆಲ್ಲಗೆ ಮಾತಾಡೇ, ಇದು ನಿಮ್ಮಪ್ಪನ ಕಂಪನಿ ಅಲ್ಲ" ಎನ್ನುತ್ತಿದ್ದವರಿಗೆ ಅದು ಗೊತ್ತು. ಹೆಂಡತಿ ನಾನು, ನ್ಯಾಯಾಧೀಶೆ ದಾಗಿಸ್‌ನ ಇಂಗ್ರಿಡ್, ಗಂಡ ನಿಮ್ಮ ಸ್ನೇಹಿತ ಅವಿನಾಶ್. ಭಾಷೆ ಸ್ವೀಡಿಷ್, ಬೈಗುಳ ಕನ್ನಡ.

ಕರಪತ್ರದಲ್ಲಿ ಐದು ಗಂಟೆ ಎಂದು ಹಾಕಿಸಿದ್ದೆ. ಐದೆಂದರೆ ಆರಕ್ಕೆ ಜನ ಸೇರುತ್ತಾರೆ ಎಂಬ ನಮ್ಮ ಲೆಕ್ಕ! ಐದಕ್ಕೆ ಮೊದಲೇ, ಒಂದು ಹುಬ್ಬು ಬರೆದು ಮುಗಿಸಿ ಕಿಟಕಿಯಲ್ಲಿ ಇಣುಕಿದರೆ, ಅಯ್ಯೋ ಪರಮೇಶ್ವರಾ! ಹಿಮದಲ್ಲಿ ಸಾಲುಗಟ್ಟಿ, ತುಟಿ ಪಿಟಕ್ಕೆನ್ನದೆ, ಇಡೀ ಸೀಮೆಯೇ ನಿಂತಿದೆ. ಅವಿನಾಶನದೂ ನಮ್ಮದೇ ಲೆಕ್ಕ; ಇನ್ನೂ ದಾರಿಯಲ್ಲಿದ್ದ. ಇವರು ಕಾಯುವ ಜನವಲ್ಲ. ಒಂಟಿ ಹುಬ್ಬಿನಲ್ಲೇ ಮೂರನೆಯ ಬೆಲ್ ಬಾರಿಸಿದೆ.

ಆರೋಪಿ ಎಲ್ಲಿ ಎಂದು ಇಂಗ್ರಿಡ್ ಗುಡುಗಿದಳು. ಕಟಕಟೆ ಖಾಲಿ. ಆಗ ಮುದುಕ ರೈತನೊಬ್ಬ ಬೆಂಚಿನಿಂದ ಎದ್ದು, ಟೊಪ್ಪಿ ತೆಗೆದು, ನೆಟ್ಟಗೆ ಹೋಗಿ ಅಲ್ಲಿ ನಿಂತ. ನಾನು ಆರ್ಭಟಿಸಿದೆ, ಅತ್ತೆ, ಬೈದೆ. ಪುಣ್ಯಾತ್ಮ ಒಂದು ಮಾತೂ ಆಡಲಿಲ್ಲ. ನಿಮ್ಮ ಪಾತ್ರಕ್ಕೆ ಅವನಿಗಿಂತ ತಕ್ಕ ನಟ ಎಲ್ಲಿ ಸಿಗಬೇಕು!

ಮುಗಿದಾಗ ಚಪ್ಪಾಳೆಯಿಲ್ಲ. ಶಿಳ್ಳೆಯಿಲ್ಲ, ಒನ್ಸ್ ಮೋರ್ ಇಲ್ಲ. ಬೆಂಚು ತುಂಬಿದ್ದರೇನು, ನಾಟಕ ಸೋತಿತು, ಇನ್ನು ಗಂಟುಮೂಟೆ ಕಟ್ಟಬೇಕು ಎಂದುಕೊಂಡೆ. ಆಗ ಕಟಕಟೆಯ ಮುದುಕ ಬಾಯಿಬಿಟ್ಟ: "ಚೆನ್ನಾಗಿತ್ತಮ್ಮ. ಇನ್ನೊಂಚೂರು ಜೋರಾಗಿ ಹೇಳಬಹುದಿತ್ತು. ನನಗೆ ಕಿವಿ ಮಂದ."

ರೀ, ಜೋರಾಗಿ! ಈ ದೇಶದಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಬೆಂಚುಗಳೆಲ್ಲ ನಕ್ಕವು, ಆಮೇಲೆ ಚಪ್ಪಾಳೆ. ಬಿರ್ಗಿಟ್ಟಾ ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿದಳು.

ಆದ್ದರಿಂದ ನಾನು ಬರುವುದಿಲ್ಲ. ಕೋಪಕ್ಕಲ್ಲ. ದನಿ ಈಗಷ್ಟೇ ಮರಳಿದೆ. ಅದನ್ನು ಮತ್ತೆ ಗೋಡೆಗೆ ಒಪ್ಪಿಸಲಾರೆ. ನೀವು ಬಿ.ಪಿ. ಮಾತ್ರೆ ಮರೆಯಬೇಡಿ. ಚಟ್ನಿಪುಡಿ ಮೇಲಿನ ಡಬ್ಬದಲ್ಲಿದೆ.

ಇಂತಿ, ಪಂಥ ಗೆದ್ದ
ನೀರಜಾ

ತಾ.ಕ.: ಅವಿನಾಶ್ ಆರಕ್ಕೆ ಮೀಸೆ ಅಂಟಿಸಿಕೊಂಡೇ ಓಡಿಬಂದ. ಕಾರಿನಲ್ಲಿ ನೀವೂ ಇದ್ದಿರಂತೆ. ಜನ ಚದುರುವುದನ್ನು ಕಂಡು ಇಳಿಯದೆ ಕೂತಿರಂತೆ. ಮುಂದಿನ ಪ್ರಯೋಗ ಮೇ ತಿಂಗಳ ಮೊದಲ ಶನಿವಾರ. ಐದು ಎಂದರೆ ಐದೇ. ಮುದುಕನಿಗೆ ಈಗಲೇ ಹೇಳಿಬಿಟ್ಟಿದ್ದೇನೆ: ಕಟಕಟೆಗೆ ಹೋಗಬೇಡ, ಅಲ್ಲಿ ನಿಲ್ಲಬೇಕಾದವರೇ ಬರುತ್ತಾರೆ.