ಏಳನೆಯ ದಾಖಲೆ

ಹಾರ್ಲನ್ ಫೆರ್ರಿ, ಒಹಾಯೊ
ಏಪ್ರಿಲ್ 27, 2024

ಲೋರೆಟ್ಟಾ,

‘ಪ್ರಿಯ’ ಎಂದು ಬರೆದು ಹೊಡೆದುಹಾಕಿದೆ. ನಲವತ್ತಾರು ವರ್ಷ ಮಾತಿಲ್ಲದ ಮೇಲೆ ಆ ಪದ ಕಂಡರೆ ನೀನೇ ನಕ್ಕುಬಿಡುತ್ತೀ. ನೇರ ವಿಷಯಕ್ಕೆ ಬರುತ್ತೇನೆ. ನಿನ್ನ ಮೊಮ್ಮಗಳು ಮಾರ್ಗೋ ಕಳೆದ ಶನಿವಾರವೂ ಇವತ್ತೂ ನನ್ನ ಪಾಠಕ್ಕೆ ಬರಲಿಲ್ಲ. ಪರೀಕ್ಷೆಗೆ ಇನ್ನು ಹದಿನೆಂಟು ದಿನ ಉಳಿದಿದೆ. ಅವಳನ್ನು ವಾಪಸ್ ಕಳಿಸು ಎಂದು ಕೇಳಲು ಈ ಕಾಗದ.

ಪಾಠ ಹೇಳುತ್ತಿರುವವಳು ನಾನೆಂದು ನಿನಗೆ ಗೊತ್ತಿತ್ತೋ ಇಲ್ಲವೋ. ಮಾರ್ಗೋ ಯಾರೆಂದು ನನಗೆ ಮೊದಲ ದಿನವೇ ಗೊತ್ತಾಯಿತು. ಒಪ್ಪದ ಮಾತು ಕೇಳಿದಾಗ ಗಲ್ಲವನ್ನು ಮುಂದೆ ಚಾಚುವುದು ನಿನ್ನದೇ ಅಭ್ಯಾಸ.

ಹೋದ ವರ್ಷ ಶಾಲಾ ಮಂಡಳಿಯವರು ಲೋಕ ಇತಿಹಾಸದ ಮೇಲ್ಮಟ್ಟದ ತರಗತಿಯನ್ನೇ ತೆಗೆದುಹಾಕಿದರಲ್ಲ, ನೆನಪಿರಬೇಕು. ಹನ್ನೊಂದೇ ಮಕ್ಕಳಿದ್ದಾರೆ, ಅಷ್ಟಕ್ಕೆಲ್ಲ ತರಗತಿ ನಡೆಸಲಾಗದು ಎಂದರು. ಅದೇ ತಿಂಗಳು ಫುಟ್‌ಬಾಲ್ ಮೈದಾನಕ್ಕೆ ಹೊಸ ಹುಲ್ಲು ಬಂತು, ಅದೂ ಪ್ಲಾಸ್ಟಿಕ್ಕಿನದು. ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಕೊಟ್ಟದ್ದು ಮೂರು ನಿಮಿಷ, ಎರಡಾಗುತ್ತಿದ್ದಂತೆ ಗಂಟೆ ಬಾರಿಸಿದರು. ತರಗತಿ ಇಲ್ಲದಿದ್ದರೂ ಅದರ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬಹುದು. ಐದರಲ್ಲಿ ಮೂರು ಬಂದರೆ ರಾಜ್ಯದ ವಿಶ್ವವಿದ್ಯಾಲಯಗಳು ಅದನ್ನು ಒಂದು ಕೋರ್ಸ್ ಎಂದು ಒಪ್ಪುತ್ತವೆ. ಹಾಗಾಗಿ ಲೈಬ್ರರಿಯ ನೆಲಮಾಳಿಗೆಯಲ್ಲಿ ಮೇಜು ಹಾಕಿ ಕೂತೆ. ಹನ್ನೊಂದರಲ್ಲಿ ಐವರು ಬಂದರು.

ಈ ಪರೀಕ್ಷೆಯ ಮೇಲೂ ನನಗೆ ಸಿಟ್ಟಿದೆ. ಕ್ರಿ.ಶ. 1200ರಿಂದ ಶುರುಮಾಡಿ ಎನ್ನುತ್ತಾರೆ. ರೋಮಿನ ಪಾಠವಿಲ್ಲ, ಅಶೋಕನದಿಲ್ಲ; ಒಂದು ಬೆಳಿಗ್ಗೆ ಮಂಗೋಲರು ಕುದುರೆಯ ಮೇಲೆ ಕೂತೇ ಹುಟ್ಟಿಬಿಡುತ್ತಾರೆ. ಅದನ್ನು ಹೇಳಿ ಕೂಗಾಡಿದರೆ ಡಿಶಾನ್ ಎಂಬ ಹುಡುಗ, ‘ಮಿಸ್, ಬಿಪಿ ಮಾತ್ರೆ ತಗೊಂಡ್ರಾ? ನೀವು 1200ಕ್ಕಿಂತ ಮುಂಚಿನೋರು ಅಂತ ಗೊತ್ತು, ಬಿಡಿ’ ಎನ್ನುತ್ತಾನೆ. ಹಿಂದಿನದನ್ನು ಕತ್ತರಿಸಿ ಎಸೆದು ಮುಂದಿನದನ್ನು ವಿವರಿಸಿ ಎಂದರೆ ಯಾರಿಂದಾದೀತು?

ಮಾರ್ಗೋ ಹೆಚ್ಚು ಮಾತಿನವಳಲ್ಲ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಲ್ಲಿ ಅವಳು ನಿಧಾನ, ನಾಲ್ಕರಲ್ಲೂ ಸ್ವಲ್ಪ ಸತ್ಯ ಕಾಣುತ್ತದೆ ಅವಳಿಗೆ. ಅವಳನ್ನು ಮೂರಕ್ಕೆ ದಾಟಿಸುವುದಿದ್ದರೆ ಕೊಟ್ಟ ದಾಖಲೆಗಳನ್ನು ಓದಿ ಪ್ರಬಂಧ ಬರೆಯುವ ಪ್ರಶ್ನೆಯೇ. ಏಳು ದಾಖಲೆ, ಒಂದು ಗಂಟೆ, ಏಳು ಅಂಕ. ಎರಡು ದಾಖಲೆಗಳನ್ನಾದರೂ ಹಿಡಿದು, ಇದನ್ನು ಬರೆದವರು ಯಾರು, ಯಾರಿಗೆ ಬರೆದರು, ಯಾಕೆ ಬರೆದರು ಎಂದು ಬಿಡಿಸಿ ಹೇಳಿದರೆ ಅದರಲ್ಲೊಂದು ಅಂಕ. ಮಕ್ಕಳೆಲ್ಲ ಕಳೆದುಕೊಳ್ಳುವುದು ಅದನ್ನೇ. ಅಚ್ಚಾದದ್ದೆಲ್ಲ ನಿಜ ಎಂದು ನಂಬಿ ಬೆಳೆದ ಮಕ್ಕಳು.

ಹಳೆಯ ಪ್ರಶ್ನೆಪತ್ರಿಕೆಗಳು ಅವರ ಫೋನಿನಲ್ಲೇ ಇರುತ್ತವೆ, ಉತ್ತರದ ಸಮೇತ. ಅದಕ್ಕೇ ಅಭ್ಯಾಸದ ದಾಖಲೆಗಳನ್ನು ನಾನೇ ಜೋಡಿಸುತ್ತೇನೆ. ಏಪ್ರಿಲ್ ಮೊದಲ ವಾರ ಕಾರ್ಮಿಕ ಹೋರಾಟಗಳ ಬಗ್ಗೆ ಒಂದು ಕಟ್ಟು ಮಾಡಿದೆ. ಮುಂಬಯಿಯ ಗಿರಣಿ, ಚಿಲಿಯ ಗಣಿ, ಹೀಗೆ ಐದು ದಾಖಲೆ. ಲೋಕದ ಇತಿಹಾಸದಲ್ಲಿ ನಮ್ಮೂರೂ ಇರಲಿ ಎಂದು 1978ರ ನಮ್ಮ ಶಿಕ್ಷಕರ ಮುಷ್ಕರದಿಂದ ಎರಡು ಸೇರಿಸಿದೆ. ಆರನೆಯದು, ಮುಷ್ಕರದ ಮಧ್ಯೆ ಕೊನೆಯ ವರ್ಷದವರಿಗೆ ಮಾತ್ರ ಶಾಲೆ ತೆರೆಯುತ್ತೇವೆ, ‘ಅಗತ್ಯ ಶಿಕ್ಷಕರಿದ್ದಾರೆ’ ಎಂದ ಮಂಡಳಿಯ ಪ್ರಕಟಣೆ. ಏಳನೆಯದು, ಊರಿನ ಪತ್ರಿಕೆಗೆ ‘ಒಬ್ಬ ಶಿಕ್ಷಕಿ’ ಬರೆದ ಪತ್ರ.

ಮಕ್ಕಳಿಗೆ ಕೊಟ್ಟ ಪ್ರತಿಯಲ್ಲಿ ನಿನ್ನ ಹೆಸರು ತೆಗೆದಿದ್ದೆ. ಬರೆದವಳ ಹೆಸರು ಆಗಲೂ ಇರಲಿಲ್ಲ. ಆದರೆ ಅದು ನಾನೇ ಎಂದು ನಿನಗೆ ಅಂದೇ ಗೊತ್ತಾಗಿತ್ತು.

‘ಇತಿಹಾಸಕ್ಕೆ ಇದ್ದದ್ದು ಒಂದೇ ಜಾಗ. ನಾವೆಲ್ಲ ಹಿಮದಲ್ಲಿ ನಿಂತಿರುವಾಗ ಅವಳು ಮುಷ್ಕರದ ಸಾಲು ದಾಟಿ ಹೋಗಿ ಅದರಲ್ಲಿ ಕೂತಳು.’ ಆ ವಾಕ್ಯದ ಬಗ್ಗೆ ನನಗೆ ಬಹಳ ಕಾಲ ಹೆಮ್ಮೆಯಿತ್ತು. ಅದು ಅಚ್ಚಾದ ವಾರವೇ ನಿಮ್ಮ ಕಾರಿನ ನಾಲ್ಕೂ ಟೈರು ಕೊಯ್ದರು. ಚರ್ಚಿನಲ್ಲಿ ಶುಕ್ರವಾರದ ಪಿಯೆರೋಗಿ ಕಡುಬಿಗೆ ಹಿಟ್ಟು ಲಟ್ಟಿಸುವ ಮೇಜಿಗೆ ನೀನು ಬಂದಾಗ ಹೆಂಗಸರೆಲ್ಲ ಎದ್ದು ಇನ್ನೊಂದು ಮೇಜಿಗೆ ಹೋದರು. ನಾನೂ ಎದ್ದೆ. ಉಕ್ಕಿನ ಗಿರಣಿ ಮುಚ್ಚಿ ನಿನ್ನ ಎಮಿಲ್ ಮನೆಯಲ್ಲಿ ಕೂತು ಏಳು ತಿಂಗಳಾಗಿತ್ತು. ಅದು ನನಗೆ ಗೊತ್ತಿತ್ತು, ಪತ್ರದಲ್ಲಿ ಬರೆಯಲಿಲ್ಲ. ಮುಷ್ಕರ ಸರಿಯಾಗಿತ್ತು ಎಂದು ಇವತ್ತಿಗೂ ಹೇಳುತ್ತೇನೆ.

ಆ ಪತ್ರವನ್ನು ನಿನ್ನ ಮೊಮ್ಮಗಳ ಮುಂದೆ ಯಾಕೆ ಇಟ್ಟೆ? ಅವಳ ಕೈಯಿಂದ ಸರಿ ಎನಿಸಿಕೊಳ್ಳುವ ಆಸೆ ಇತ್ತೇನೋ.

ಅವಳು ಬೇರೆಯೇ ಬರೆದಳು: ‘ಒಂದೇ ಜಾಗ ಇತ್ತೆಂದು ಮಂಡಳಿ ಎಲ್ಲೂ ಹೇಳಿಲ್ಲ. ಹೊರಗೆ ನಿಂತವಳಿಗೆ ಅದು ಹೇಗೆ ತಿಳಿಯಿತು? ಈಕೆಯ ಕೋಪ ತತ್ವದ್ದಲ್ಲ, ಕೈತಪ್ಪಿದ ಜಾಗದ್ದು.’

ಏಳಕ್ಕೆ ಆರು ಕೊಟ್ಟೆ. ಮುಂದಿನ ಶನಿವಾರ ಹಾಳೆ ಕೈಗೆ ಸಿಕ್ಕಿದ್ದೇ ಗಲ್ಲ ಮುಂದೆ ಬಂತು.

‘ಮಿಸ್, ಈ ಒಂದು ಅಂಕ ಎಲ್ಲಿ ಹೋಯ್ತು?’

ಆಧಾರ ಸಾಲದು ಎಂದೆ.

‘ಆಧಾರ ಅಲ್ಲೇ ಇದೆಯಲ್ಲಾ. ಆರನೇದ್ರಲ್ಲಿ ಎಷ್ಟು ಜಾಗ ಅಂತ ಹೇಳೇ ಇಲ್ಲ. ಏಳನೇದ್ರಲ್ಲಿ ಈಯಮ್ಮ ಎಣಿಸಿಬಿಟ್ಟಿದ್ದಾಳೆ. ವಿಚಾರಿಸಿದೋರಿಗೆ ತಾನೇ ಗೊತ್ತಿರೋದು?’

‘ಅಯ್ಯೋ, ಸಿಕ್ಕಾಕೊಂಡ್ಲಲ್ಲಪ್ಪಾ ಈಯಮ್ಮ!’ ಎಂದು ಡಿಶಾನ್ ಮೇಜು ಬಡಿದ. ಎಲ್ಲರೂ ನಕ್ಕರು.

ಊಹೆ ಮಾಡುವುದು ಇತಿಹಾಸವಲ್ಲ ಎಂದು ನಾನು ಗದರಿದೆ. ಗದರಬಾರದಿತ್ತು. ಅವಳು ಪುಸ್ತಕ ಚೀಲಕ್ಕೆ ತುಂಬಿದಳು. ‘ಪ್ರತಿ ವಾರ ಯಾರು ಬರೆದ್ರು, ಯಾಕೆ ಬರೆದ್ರು ಕೇಳಿ ಅಂತೀರಿ. ಕೇಳಿದ್ರೆ ಬೈತೀರಿ. ಇನ್ನೇನು ಕಲಿಯೋದು ಇಲ್ಲಿ?’ ಎಂದಳು. ಹಾಳೆಯನ್ನು ನನ್ನ ಮುಂದೆ ಬಿಟ್ಟು ಮೆಟ್ಟಿಲು ಹತ್ತಿ ಹೋದಳು. ಪರೀಕ್ಷೆಯನ್ನೇ ಬರೆಯುವುದಿಲ್ಲ ಎನ್ನುತ್ತಿದ್ದಾಳಂತೆ. ಇವತ್ತು ಡಿಶಾನ್ ಹೇಳಿದ.

ಇದರಲ್ಲಿ ಅವಳ ತಪ್ಪಿಲ್ಲ. ಮೂವತ್ತೆಂಟು ವರ್ಷ ಪಾಠ ಹೇಳಿದ್ದೇನೆ. ದಾಖಲೆಯನ್ನು ಹಾಗೆ ಓದುವವರು ಬೆರಳೆಣಿಕೆಯಷ್ಟು ಜನ ಸಿಕ್ಕಿದರು. ಅಂಥವಳು ಹದಿನಾರನೆಯ ವಯಸ್ಸಿಗೇ ‘ಇತಿಹಾಸ ನನಗಲ್ಲ’ ಎಂದು ಎದ್ದುಹೋದರೆ ಅದು ನನ್ನಿಂದಾದ ಕೆಲಸವಾಗುತ್ತದೆ. ನಿನ್ನ ಮಾತನ್ನು ಅವಳು ಕೇಳುತ್ತಾಳೆ. ಮುಂದಿನ ಶನಿವಾರ ಹತ್ತು ಗಂಟೆಗೆ ಕಳಿಸು. ನಾನು ಬೇಡವೆಂದರೆ ನೀನೇ ಹೇಳಿಕೊಡು. ಇತಿಹಾಸ ನೀನೂ ಕಲಿಸಿದವಳೇ, ಮಕ್ಕಳ ಮಾತು ಕೇಳುವ ತಾಳ್ಮೆ ನನಗಿಂತ ನಿನಗೇ ಹೆಚ್ಚಿತ್ತು. ಟಿಪ್ಪಣಿಗಳನ್ನೆಲ್ಲ ಲೈಬ್ರರಿಯ ಕೌಂಟರಿನಲ್ಲಿ ಅವಳ ಹೆಸರಿಗೆ ಇಟ್ಟಿರುತ್ತೇನೆ.

ಇಂತಿ,
ವರ್ನಾ ಡೂಡೆಕ್

ತಾ.ಕ.: ಮಾರ್ಗೋಳ ಹಾಳೆ ಇದರೊಳಗಿದೆ. ಆರನ್ನು ಹೊಡೆದು ಏಳು ಮಾಡಿ ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಅವಳು ಕೇಳಿದ ಆಧಾರ ಇದು: ಮುಷ್ಕರದ ಎಂಟನೆಯ ದಿನ ಸಂಜೆ ನಾನು ಮಂಡಳಿಯ ಕಚೇರಿಗೆ ಫೋನು ಮಾಡಿದ್ದೆ. ‘ಇತಿಹಾಸಕ್ಕೆ ಇದ್ದಿದ್ದೇ ಒಂದು ಜಾಗ ಕಣಮ್ಮ, ಅರ್ಧ ಗಂಟೆ ಮುಂಚೆ ಮಾಡಿದ್ರೆ ನಿಮಗೇ ಸಿಕ್ತಿತ್ತು’ ಎಂದರು. ಆ ಅರ್ಧ ಗಂಟೆ ಮುಂಚೆ ಫೋನು ಮಾಡಿದವರು ಯಾರೆಂದು ಮರುದಿನ ಬೆಳಿಗ್ಗೆ ನಾನು ಗೇಟಿನಲ್ಲಿ ಫಲಕ ಹಿಡಿದು ನಿಂತಿದ್ದಾಗ, ನೀನು ಒಳಗೆ ಹೋದದ್ದನ್ನು ನೋಡಿ ತಿಳಿದೆ.