ಮೋಟರ್ ಖೋಲಿಯ ಗೂಗಿಗಳು

ಏಕಸಂಬಿ,
ಫೆಬ್ರವರಿ ೧೧, ೨೦೨೫

ಪ್ರಾಜಕ್ತಾಳ ಪಪ್ಪನಿಗೆ ಕೋಮಲಳ ನಮಸ್ಕಾರಗಳು.

ಹೇಗಿದ್ದೀರಿ? ನೀವು ಗಡಿಯಲ್ಲಿ ಮೇಲಿನ ಚೌಕಿಗೆ ಹೋದ ಮೇಲೆ ಫೋನು ಹತ್ತುವುದೇ ಇಲ್ಲ. ಹಿಮಕ್ಕೆ ಬೆರಳು ಒಡೆದಿದ್ದವಲ್ಲ, ವಾಸಿಯಾದವೇ? ಅತ್ತೆ ಕೊಟ್ಟ ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲಾಗಿರಬೇಕು. ಒಲೆಯ ಹತ್ತಿರ ಇಟ್ಟು ಕರಗಿಸಿ ಹಚ್ಚಿಕೊಳ್ಳಿ. ಮಾವನ ಮೊಣಕಾಲು ನೋವು ಇದ್ದ ಹಾಗೆಯೇ ಇದೆ. ಪ್ರಾಜಕ್ತಾ ಶಾಲೆಗೆ ಹೋಗುತ್ತಾಳೆ, ಮಾತು ಮಾತ್ರ ಕಡಿಮೆ ಮಾಡಿದ್ದಾಳೆ. ಕಾರಣ ಹೇಳುತ್ತೇನೆ.

ಬಾವಿಯ ಮೋಟರ್ ಖೋಲಿಯ ಅಟ್ಟದ ಮೇಲೆ ಬಿಳಿ ಮುಖದ ಗೂಗಿಗಳ ಜೋಡಿ ಇತ್ತಲ್ಲ. ಗೂಬೆ ಅಪಶಕುನ, ಓಡಿಸು ಎಂದು ಅತ್ತೆ ಹಟ ಹಿಡಿದಾಗ ನೀವು "ಇರ್ಲಿ ಬಿಡವ್ವಾ, ನಮ್ಮ ಹೊಲಾ ಕಾಯ್ತಾವ" ಎಂದಿದ್ದಿರಿ. ಅವು ಈ ಸಲ ಮರಿ ಮಾಡಿದ್ದವು. ಅದೇ ಹೊತ್ತಿಗೆ ಪ್ರಾಜಕ್ತಾಳಿಗೆ ಶಾಲೆಯಲ್ಲಿ ಆಹಾರ ಸರಪಳಿಯ ಪಾಠ ಬಂತು. ಮನೆಯ ಸುತ್ತಲಿನದನ್ನೇ ಬರೆದು ತನ್ನಿ ಎಂದರಂತೆ ಪಾಠ ಹೇಳುವ ಬಾಯಿಯವರು. ಇವಳು ಗೋವಿನಜೋಳದ ತೆನೆಯಿಂದ ಇಲಿಗೊಂದು ಬಾಣ, ಇಲಿಯಿಂದ ಗೂಗಿಗೊಂದು ಬಾಣ ಎಳೆದಳು. ಗೂಗಿ ಸತ್ತು ಮಣ್ಣಾದರೆ ಆ ಮಣ್ಣಿನಿಂದ ಮತ್ತೆ ಜೋಳ ಎಂದು ನನಗೇ ಪಾಠ ಹೇಳಿದಳು.

ಕಬ್ಬು ಕಡಿದ ಮೇಲೆ ಅಲ್ಲಿದ್ದ ಇಲಿಗಳೆಲ್ಲ ಜೋಳಕ್ಕೆ ನುಗ್ಗಿದವು. ಪಕ್ಕದ ಹೊಲದ ಕಾಕಾಸಾಹೇಬ ಕಾಕಾ ತಡೆಯಲಾರದೆ ಬದುವಿನುದ್ದಕ್ಕೂ ವಿಷದ ಉಂಡೆ ಇಟ್ಟರು. ಆ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ತೂರಾಡುತ್ತಾ ಬಯಲಿಗೆ ಬರುತ್ತದೆ. ಗೂಗಿಗಳು ಒಂದರ ಹಿಂದೊಂದು ಹಿಡಿದು ಮರಿಗಳಿಗೆ ಒಯ್ದವು. ಸಂಜೆ ಬದುವಿನ ಮೇಲೆ ನಿಂತು ನೋಡಿ ನಾನೂ ಅವಳೂ ಖುಷಿಪಟ್ಟೆವು. ನಮಗೇನು ತಿಳಿಯಬೇಕು?

ಮೊದಲು ಗಂಡು ಮೋಟರಿನ ಪಕ್ಕ ಸತ್ತು ಬಿದ್ದಿತ್ತು, ಕೊಕ್ಕಿನಲ್ಲಿ ರಕ್ತ. ನಾನು ಏಣಿ ಹಾಕಿ ಹತ್ತಿ ನೋಡಿದೆ. ಮರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ ಹಾಗೆಯೇ ಸತ್ತಿದ್ದವು. ತಾಯಿ ಅವುಗಳ ಮುಂದೆ ಹೊಸದೊಂದು ಇಲಿ ಇಟ್ಟು ಕುಳಿತಿತ್ತು. ನನ್ನನ್ನು ನೋಡಿದರೂ ಹಾರಲಿಲ್ಲ. ಮರುದಿನ ಅದೂ ಹೋಯಿತು.

ಮಾವ ಬೇವಿನ ಬುಡದಲ್ಲಿ ಕುಣಿ ತೋಡಿದರು. ಕಾಕಾಸಾಹೇಬ ಕಾಕಾ ಬಂದು ಟೋಪಿ ತೆಗೆದು ನಿಂತರು. "ನಾ ಇಲಿಗಿ ಇಟ್ಟಿದ್ನೆವಾ, ಇವಕ್ಕಲ್ಲ" ಎಂದರು. ಉಳಿದ ಉಂಡೆಗಳನ್ನು ಅವರೇ ಬಗ್ಗಿ ಬಗ್ಗಿ ಆರಿಸಿ ಒಯ್ದರು. ನನಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಗೂಗಿಯ ಹೆಸರೆತ್ತಿದರೆ ಆಗದ ಅತ್ತೆ "ಅದೂ ತಾಯೀನ ಅಲ್ಲೇನ, ಕೋಮಲ" ಎಂದು ನನ್ನನ್ನು ತಬ್ಬಿಕೊಂಡು ಅತ್ತರು. ಪ್ರಾಜಕ್ತಾ ಅಳಲಿಲ್ಲ. "ಮಮ್ಮಿ, ಅವರವ್ವನೇ ಉಣಿಸಿದ್ಲಲ್ಲ?" ಎಂದಳು. ಅಂದಿನಿಂದ ನಾನು ತಟ್ಟೆಗೆ ಬಡಿಸಿದ್ದನ್ನು ಒಮ್ಮೆ ನನ್ನ ಮುಖ ನೋಡಿಯೇ ತಿನ್ನುತ್ತಾಳೆ. ಜೋಳದಲ್ಲಿ ಮತ್ತೆ ಇಲಿಗಳಾಗಿವೆ; ಹಿಡಿಯುವವರಿಲ್ಲ.

ಅತ್ತೆ, ಮಾವ ಆಶೀರ್ವಾದ ಹೇಳಿದ್ದಾರೆ. ಪ್ರಾಜಕ್ತಾ ಮುದ್ದು ಕಳಿಸಿದ್ದಾಳೆ. ಎರಡೆರಡು ಕಾಲುಚೀಲ ಹಾಕಿಕೊಳ್ಳಿ.

ನಿಮ್ಮ
ಕೋಮಲ

ತಾ.ಕ.: ಅಂಚೆಗೆ ಹಾಕಲು ಮಾವ ಬಾಗಿಲಲ್ಲಿ ನಿಂತಿದ್ದಾರೆ. "ಅಂವಾ ಬಂದೂಕ ಹಿಡದ ನಿಂತಿರ್ತಾನ, ಈಗ ಹೇಳಬ್ಯಾಡ" ಎಂದು ಅತ್ತೆ ಆಣೆ ಹಾಕಿದ್ದರು. ಆದರೂ ಬರೆಯುತ್ತಿದ್ದೇನೆ. ಹೊಟ್ಟೆಯಲ್ಲಿದ್ದ ನಮ್ಮ ಕೂಸು ಉಳಿಯಲಿಲ್ಲ. ಗೂಗಿಗಳು ಸಾಯುವುದಕ್ಕೂ ಮೊದಲೇ ಹೋಯಿತು. ಚಿಕ್ಕೋಡಿಯ ಡಾಕ್ಟರಬಾಯಿ "ಯಾರದೂ ತಪ್ಪಿಲ್ಲವಾ, ಒಮ್ಮೊಮ್ಮೆ ಹಿಂಗ ಆಗ್ತೈತಿ" ಎಂದರು. ಆದರೂ ನಾನೇನು ಉಂಡೆ, ಏನು ಕುಡಿದೆ ಎಂದು ದಿನವಿಡೀ ನೆನೆಸಿಕೊಳ್ಳುತ್ತೇನೆ. ನನ್ನ ಮೈ ಈಗ ಚೆನ್ನಾಗಿದೆ. ರಜೆ ಸಿಕ್ಕರೆ ಬನ್ನಿ. ಹೆಸರು ಹುಡುಕುತ್ತಿದ್ದೇನೆ ಎಂದು ಹೋದ ಪತ್ರದಲ್ಲಿ ಬರೆದಿದ್ದಿರಿ. ಇನ್ನು ಹುಡುಕಬೇಡಿ.